ಅತ್ತೆಯ ಎರಡು ಚಮಚ ದ್ರಾಕ್ಷಾಸವ

ಹಟ್ಟಿ ಕ್ಯಾಂಪ್
೧೭ ಜನವರಿ ೧೯೮೯

ನಮ್ಮ ಮನೆಯವರಿಗೆ, ನಿಮ್ಮ ಶೇಖಮ್ಮ ಮಾಡುವ ನಮಸ್ಕಾರ.

ಆರಾಮ ಇದ್ದೀರಾ? ಆ ಫ್ರಾನ್ಸ್ ದೇಶದ ಚಳಿಗೆ ನಿಮ್ಮ ಕೆಮ್ಮು ಹೆಚ್ಚಾಗಿಲ್ಲ ತಾನೆ? ಮಫ್ಲರ್ ಕಟ್ಟಿಕೊಳ್ಳಿ, ಯಾರು ನಗುತ್ತಾರೆಂದು ನೋಡಬೇಡಿ. ಗಣಿಯ ಹೊಸ ಯಂತ್ರ ಕಲಿಯಲು ಹೋದವರು ಹಾಸಿಗೆ ಹಿಡಿದು ಬಂದರೆ, ನಿಮ್ಮ ಅವ್ವ ಅದಕ್ಕೂ ನನ್ನನ್ನೇ ಬಯ್ಯುತ್ತಾರೆ.

ಹೌದು, ಅತ್ತೆ ಸಾಲಗುಂದದಿಂದ ಬಂದಿದ್ದಾರೆ. ನೀವು ಹೊಲ ಬಿಟ್ಟು ಗಣಿ ಸೇರಿದ್ದು ನನ್ನ ಮಾತು ಕೇಳಿ ಎಂಬ ಸಿಟ್ಟು ಎರಡು ವರ್ಷವಾದರೂ ಇಳಿದಿಲ್ಲ. ಬಂದ ಮೂರು ದಿನ ನನ್ನೊಡನೆ ನೇರ ಮಾತೇ ಇಲ್ಲ. ಗೋಡೆಗೆ ಮುಖ ಮಾಡಿ "ಯಾರರ ಒಂದು ಚರಗಿ ನೀರು ಕೊಡ್ತಾರೇನ" ಎನ್ನುವರು. ನಾನು ಕೊಟ್ಟರೆ ಗೋಡೆಯೇ ಕೊಟ್ಟಿತೆಂಬಂತೆ ಕುಡಿಯುವರು. ಅವರು ಒಬ್ಬರೇ ಉಂಡು ಎದ್ದ ಮೇಲೆ ನನ್ನ ಊಟ.

ಅಷ್ಟರಲ್ಲಿ ರಜೆಗೆ ಬಂದ ನಿಮ್ಮ ಜೊತೆಗಾರ ಪಕೀರಪ್ಪಣ್ಣ ನೀವು ಕಳಿಸಿದ ಸೀಸೆ ತಂದುಕೊಟ್ಟರು. ಚೀಟಿಯಲ್ಲಿ ನೀವು ಬರೆದದ್ದಾದರೂ ಏನು? ಮೂರು ಜಾತಿ ದ್ರಾಕ್ಷಿ ಕೂಡಿಸಿ ಮಾಡಿದ ರಸ, ಇಲ್ಲಿಯವರು ದಿನಾ ಊಟದ ಜೊತೆ ಕುಡಿಯುತ್ತಾರೆ, ಅಷ್ಟೇ. ಜೋರಾಗಿ ಓದಿದೆ. ಅತ್ತೆ ಗೋಡೆಗೆ "ದ್ರಾಕ್ಷಾಸವ" ಎಂದರು. ಲಿಂಗಸೂಗೂರಿನ ವೈದ್ಯರು ಹಸಿವಿಗೆ ಕೊಡುತ್ತಿದ್ದರಲ್ಲ, ಅದೇ ಎಂದು ನಾನೂ ನಂಬಿದೆ. ಬಿರಡೆಯನ್ನು ಸೌಟಿನ ಹಿಡಿಯಿಂದ ಒಳಗೆ ನೂಕಿ, ಹೊತ್ತಿಗೆ ಎರಡು ಚಮಚದಂತೆ ಶುರು ಮಾಡಿದೆವು.

ಎರಡು ಚಮಚ ಮಾರನೇ ದಿನಕ್ಕೆ ಅರ್ಧ ಲೋಟವಾಯಿತು. ಮೊದಲು ನಾಲಿಗೆ ಒಗರಾಗುತ್ತದೆ, ಆಮೇಲೆ ಹಣ್ಣಿನ ಸವಿ, ನುಂಗಿದ ಮೇಲೆ ಕರಿಮೆಣಸಿನ ಘಾಟು. ಬದನೆಯ ಎಣ್ಣೆಗಾಯಿ, ಕಟಕು ರೊಟ್ಟಿಯ ಜೊತೆ ಬಹಳ ಚೆಂದ ಹೊಂದುತ್ತದೆ ನೋಡಿ. "ತಾಳಿಪಟ್ಟಿನ ಹಿಟ್ಟಿನಂಗ, ಮೂರೂ ಕೂಡಿದ್ರನ ರುಚಿ" ಎಂದರು ಅತ್ತೆ. ಊಟದ ಜೊತೆ ಎಂದು ನೀವು ಬರೆದಿದ್ದರಿಂದ ಇಬ್ಬರೂ ಎದುರುಬದುರು ಗಂಗಾಳ ಇಟ್ಟುಕೊಂಡು ಕೂತೆವು. ನಿನ್ನೆ, ನೀವು ಚಿಕ್ಕವರಿದ್ದಾಗ ಎಮ್ಮೆಯ ಮೇಲಿಂದ ಕಾಲುವೆಗೆ ಬಿದ್ದ ಕಥೆ ಹೇಳಿದರು. ನಕ್ಕು ನಕ್ಕು ನನ್ನ ಕಿವಿ ಬಿಸಿಯಾದವು. ಆಗಲೇ ಅನುಮಾನ ಬಂತು. ಇಂದು ಬೆಳಿಗ್ಗೆ ಪಕೀರಪ್ಪಣ್ಣನನ್ನು ಕೇಳಿದರೆ, "ವೈನ್ ಐತಿ ತಂಗಿ, ನಿನ್ನ ಗಂಡ ಹೇಳಿಲ್ಲೇನು" ಎಂದು ನಗುತ್ತಾರೆ.

ಅವರಿಗೇನು, ನಗುತ್ತಾರೆ. ಮಾವನವರ ಕುಡಿತ ಬಿಡಿಸಲು ಸೀಸೆಗಳನ್ನು ತಿಪ್ಪೆಗೆ ಎಸೆದವರು ನಮ್ಮ ಅತ್ತೆ. ಹೇಳಿದರೆ ಮತ್ತೆ ಗೋಡೆಗೆ ತಿರುಗುತ್ತಾರೆ. ಶುಕ್ರವಾರ ಊರಿಗೆ ಹೊರಡುವವರಿದ್ದಾರೆ, ಆ ಸಿಟ್ಟಿನಲ್ಲೇ ಮಸ್ಕಿ ಮೇಲೆ ಹೋಗುವ ಸಿಂಧನೂರು ಬಸ್ಸು ಹತ್ತಿದರೆ ಈ ಮನೆಗೆ ಇನ್ನು ಬರಲಿಕ್ಕಿಲ್ಲ. ಹೇಳದಿದ್ದರೆ ನನಗೆ ತುತ್ತು ಇಳಿಯುವುದಿಲ್ಲ. ಈಗಷ್ಟೇ ನನಗೊಬ್ಬ ಅತ್ತೆ ಸಿಕ್ಕಿದ್ದಾರೆ ರೀ, ಕಳೆದುಕೊಳ್ಳಲು ಮನಸ್ಸಿಲ್ಲ. ನಿಮ್ಮ ಉತ್ತರ ಬರುವಷ್ಟರಲ್ಲಿ ಶುಕ್ರವಾರ ಕಳೆದಿರುತ್ತದೆಂದು ಗೊತ್ತು. ಆದರೂ ನಿಮ್ಮನ್ನು ಬಿಟ್ಟು ಯಾರನ್ನು ಕೇಳಲಿ?

ಹೊತ್ತಿಗೆ ಸರಿಯಾಗಿ ಉಣ್ಣಿ, ಆ ರಸ ಅಳತೆಯಲ್ಲಿರಲಿ. ಪಕ್ಕದ ಮನೆಯ ಖಾತೂನ್‌ಬೀ ಅಕ್ಕ ಸಲಾಂ ಹೇಳಿದ್ದಾರೆ.

ನಿಮ್ಮ ದಾರಿ ನೋಡುತ್ತಿರುವ,
ಶೇಖಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲೇ, ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಅತ್ತೆ ರೊಟ್ಟಿ ಮುರಿಯುತ್ತ ನನ್ನ ಮುಖ ನೋಡಿಯೇ ಅಂದರು: "ನಿಮ್ಮ ಮಾವನ ಕೂಡ ಮೂವತ್ತು ವರ್ಷ ಬಾಳೇವು ಮಾಡೀನಿ, ಮೊದಲನೇ ಚಮಚಕ್ಕನ ಗೊತ್ತಾತು. ಕೂಡಿ ಉಣ್ಣಾಕ ನನಗೂ ಒಂದು ನೆವ ಬೇಕಾಗಿತ್ತು ಬೇ, ಶೇಖಮ್ಮ." ಎರಡು ವರ್ಷದಲ್ಲಿ ಮೊದಲ ಸಲ ನನ್ನ ಹೆಸರು ಹಿಡಿದು ಕರೆದರು. ಶುಕ್ರವಾರ ಹೋಗುವುದಿಲ್ಲವಂತೆ. ಸೀಸೆ ಮಧ್ಯಾಹ್ನವೇ ಮುಗಿದಿತ್ತು. ಸಂಜೆಗೂ ಇಬ್ಬರೂ ಕೂಡಿಯೇ ಉಂಡೆವು.