ಪೀಪಾಯಿಯ ಪಾಪನಿವೇದನೆ

ಮ್ಯಾನಿಟೊವಾಕ್, ವಿಸ್ಕಾನ್ಸಿನ್
೧೦ ಮಾರ್ಚ್ ೧೯೯೩, ಬುಧವಾರ

ಮುದ್ದಿನ ಮಾರ್ಲಿಸ್,

ಹೇಗಿದ್ದೀಯ ಮಗಳೇ? ಕೆಮ್ಮು ಹೋಯಿತೇ? ಟೂಸಾನ್‌ನಂಥ ಬಿಸಿಲೂರಿನಲ್ಲಿ ಕುಳಿತು ಕೆಮ್ಮುತ್ತೀಯಲ್ಲ, ಇದನ್ನು ಇಲ್ಲಿ ಯಾರಿಗೆ ಹೇಳಿದರೂ ನಗುತ್ತಾರೆ. ಒಬ್ಬಳಿಗೋಸ್ಕರ ಯಾರು ಒಲೆ ಹಚ್ಚುತ್ತಾರೆ ಎಂದು ಡಬ್ಬಿಯ ಸೂಪು ಕುಡಿದು ಮಲಗುತ್ತೀಯೆಂದು ನನಗೆ ಗೊತ್ತು. ಹಾಗೆ ಮಾಡಬೇಡ. ನನಗೆ ಮಂಡಿನೋವು ಬಿಟ್ಟರೆ ಬೇರೇನೂ ಇಲ್ಲ. ಸರೋವರದ ಅಂಚಿನಲ್ಲಿ ಮಂಜುಗಡ್ಡೆ ಇನ್ನೂ ಹಾಗೇ ಇದೆ. ಚರ್ಚಿನ ಶುಕ್ರವಾರದ ಮೀನೂಟಕ್ಕೆ ಕೋಸು ಹೆಚ್ಚುವ ಕೆಲಸ ಈ ವರ್ಷವೂ ನನ್ನ ತಲೆಗೇ ಬಿದ್ದಿದೆ. ಬೇರೆ ಹೆಂಗಸರು ಹೆಚ್ಚಿದರೆ ದಪ್ಪವಾಗುತ್ತದಂತೆ; ಹೊಗಳಿ ಹೊಗಳಿಯೇ ನನ್ನ ಕೈಯಲ್ಲಿ ದುಡಿಸಿಕೊಳ್ಳುತ್ತಾರೆ.

ನಿಮ್ಮಪ್ಪ ಈಸ್ಟರ್‌ವರೆಗಿನ ತಪಸ್ಸುಕಾಲಕ್ಕೆಂದು ಬಿಯರ್ ಕುಡಿಯುವುದನ್ನು ಬಿಟ್ಟಿದ್ದಾರೆ. ಮಾಡುವುದನ್ನು ಬಿಟ್ಟಿಲ್ಲ. ನಮ್ಮ ಪಕ್ಕದ ಮನೆಯ ಕ್ಯಾಸಿಮಿರ್ ತನ್ನ ಬಾರ್ ಮುಚ್ಚಿದ್ದು ನಿನಗೆ ಗೊತ್ತಲ್ಲ. ನೆಲಮಾಳಿಗೆಯಲ್ಲಿ ಉಳಿದಿದ್ದ ಹಳೆಯ ಉಕ್ಕಿನ ಪೀಪಾಯಿಗಳನ್ನು ಹಿಂದಕ್ಕೆ ಕೊಡೋಣವೆಂದರೆ ಆ ಬಿಯರ್ ಕಂಪನಿಯೇ ಎಂದೋ ಮುಳುಗಿಹೋಗಿದೆ. ಹಾಗಾಗಿ ಅವೆಲ್ಲ ನಮ್ಮ ಗ್ಯಾರೇಜಿಗೆ ಬಂದು ಕುಳಿತಿವೆ. ನನ್ನ ಕಾರು ಹಿಮದಲ್ಲಿ ನಡುಗುತ್ತಿದೆ, ಪೀಪಾಯಿಗಳು ಒಳಗೆ ಬೆಚ್ಚಗಿವೆ. ಪೀಪಾಯಿಯ ತಲೆಯನ್ನು ದುಂಡಗೆ ಕತ್ತರಿಸಿ ತೆಗೆದು, ತಳದ ಹತ್ತಿರ ತೂತು ಕೊರೆದು ಒಂದು ನಲ್ಲಿ ಕೂರಿಸಿದರೆ ಬಾರ್ಲಿ ರಸ ಕುದಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಹಂಡೆ ಎಲ್ಲೂ ಸಿಗುವುದಿಲ್ಲವಂತೆ. ನಿಜ ಹೇಳಬೇಕೆಂದರೆ ಮೊದಲು ಮಾಡಿದ ಹಂಡೆ ನೋಡಿ ನನಗೂ ಹೆಮ್ಮೆಯಾಯಿತು. ಮೂವತ್ತು ವರ್ಷ ಹಡಗುಗಳ ಹೊಟ್ಟೆಯೊಳಗೆ ಕುಳಿತು ಉಕ್ಕು ಉಜ್ಜಿದ ಕೈ ಅದು. ಕತ್ತರಿಸಿದ ಅಂಚಿನ ಮೇಲೆ ಮಗುವಿನ ಕೈ ಇಟ್ಟರೂ ಗೀರುವುದಿಲ್ಲ.

ಆದರೆ ಕತ್ತರಿಸುವ ಮೊದಲು ಮಾಡಬೇಕಾದ ಒಂದು ಕೆಲಸವಿದೆ, ನನ್ನ ನಿದ್ದೆ ಕೆಡಿಸಿರುವುದು ಅದೇ. ಬಿಯರ್ ಖಾಲಿಯಾದರೂ ಪೀಪಾಯಿಯೊಳಗೆ ಗಾಳಿ ಬಿಗಿದುಕೊಂಡಿರುತ್ತದೆ. ನೆತ್ತಿಯ ಮೇಲೆ ಬಾಯಿ ಮುಚ್ಚಿಕೊಂಡಿರುವ ಗುಂಡನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಹಿಡಿದು ಅದನ್ನೆಲ್ಲ ಹೊರಗೆ ಬಿಡಬೇಕು; ಕೈ ಎತ್ತಿದರೆ ಗುಂಡು ಮತ್ತೆ ಬಾಯಿ ಮುಚ್ಚಿಬಿಡುತ್ತದೆ. ಬುಸ್ಸೆನ್ನುವ ಸದ್ದು ಪೂರ್ತಿ ನಿಂತ ಮೇಲಷ್ಟೇ ಇಕ್ಕಳದಿಂದ ಅದರ ಸುತ್ತ ಬಿಗಿದಿರುವ ಬಳೆ ಬಿಚ್ಚಿ ಒಳಗಿನ ಉದ್ದನೆಯ ಕೊಳವೆ ತೆಗೆಯಬೇಕು. ಅವಸರ ಮಾಡಿದರೆ ಆ ಕೊಳವೆ ಬಂದೂಕಿನ ಗುಂಡು ಹಾರಿದ ಹಾಗೆ ಮೇಲಕ್ಕೆ ಹಾರುತ್ತದೆ. ಕ್ಯಾಸಿಮಿರನ ಭಾವಮೈದುನನ ಗ್ಯಾರೇಜಿನ ಸೂರಿನಲ್ಲಿ ಅದು ಮಾಡಿದ ತೂತು ಇನ್ನೂ ಇದೆ, ಅವನ ತಲೆ ಉಳಿದದ್ದೇ ಹೆಚ್ಚು. ಈ ಗಾಳಿ ಬಿಡುವುದಕ್ಕೆ ನಿಮ್ಮಪ್ಪ ಮತ್ತು ಕ್ಯಾಸಿಮಿರ್ ಇಟ್ಟಿರುವ ಹೆಸರು ಪಾಪನಿವೇದನೆ, ಚರ್ಚಿನಲ್ಲಿ ನಾವು ಪಾಪಗಳನ್ನು ಒಪ್ಪಿಕೊಳ್ಳುತ್ತೇವಲ್ಲ, ಹಾಗೆ. ಫಾದರ್ ಕೇಳಿದರೆ ಏನೆನ್ನುತ್ತಾರೋ! ಒಬ್ಬರು ಒತ್ತಿ ಹಿಡಿಯುವುದು, ಇಬ್ಬರೂ ತಲೆ ಬಗ್ಗಿಸಿ ಕೇಳುವುದು. "ಏನ್ ನಾರ್ಬರ್ಟ್, ಈ ಪಾಪಿ ಮುಗಿಸೋ ಹಾಗೇ ಕಾಣ್ತಿಲ್ವಲ್ಲೋ" ಎಂದು ಅವನು, "ನಿನ್ ಬಾರಲ್ಲಿ ಬಿದ್ದಿದ್ದೋನು, ಪಟ್ಟಿ ಉದ್ದ ಇರಲ್ವಾ" ಎಂದು ಇವರು. ಸದ್ದು ನಿಂತಾಗ ಇಬ್ಬರೂ ಒಟ್ಟಿಗೆ "ಹೋಗು, ಇನ್ನು ಪಾಪ ಮಾಡ್ಬೇಡ!" ಎಂದು ಪೀಪಾಯಿಯ ಬೆನ್ನು ತಟ್ಟಿ ನಗುವುದು.

ಈಗ ಕ್ಯಾಸಿಮಿರ್ ಸೊಂಟದ ಆಪರೇಷನ್ ಮಾಡಿಸಿಕೊಂಡು ಮಿಲ್ವಾಕಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ನಿಮ್ಮಪ್ಪ ಒಬ್ಬರೇ. ಕಳೆದ ಶನಿವಾರ ಆಲೂಗಡ್ಡೆ ದೋಸೆಯ ತಟ್ಟೆ ಹಿಡಿದು ನಾನು ಗ್ಯಾರೇಜಿನ ಬಾಗಿಲು ತೆಗೆದೆ. ಅವರು ಬೆನ್ನು ಹಾಕಿ ಬಗ್ಗಿದ್ದರು, ಪೀಪಾಯಿ ಜೋರಾಗಿ ಬುಸುಗುಡುತ್ತಿತ್ತು. ಅದು ಹಾಗೆ ಬುಸುಗುಡುತ್ತಿರುವಾಗಲೇ ಇವರು ಸ್ಕ್ರೂಡ್ರೈವರ್ ಎತ್ತಿಬಿಟ್ಟರು. "ಹೋಗು, ಇನ್ನು ಪಾಪ ಮಾಡ್ಬೇಡ" ಎಂದು ತಟ್ಟಿ, ಇಕ್ಕಳಕ್ಕೆ ಕೈ ಹಾಕಿದರು. ಸದ್ದು ನಿಂತಿತೆಂದು ಅವರು ಕೈ ಎತ್ತಿದ್ದಲ್ಲ ಮಾರ್ಲಿಸ್, ಕೈ ಎತ್ತಿದ್ದರಿಂದ ಸದ್ದು ನಿಂತಿತು. ನಾನು ಕೂಗಿದೆ. ತಿರುಗಲಿಲ್ಲ. ತಟ್ಟೆ ಸಿಮೆಂಟಿನ ಮೇಲೆ ಬಿದ್ದು ಚೂರಾಯಿತು, ಆಗಲೂ ತಿರುಗಲಿಲ್ಲ. ಇಕ್ಕಳ ಬಳೆಗೆ ಸಿಕ್ಕಿತ್ತು, ಅವರ ಮುಖ ನೇರ ಅದರ ಮೇಲೆ ಬಾಗಿತ್ತು. ಓಡಿಹೋಗಿ ಎರಡೂ ಕೈಯಲ್ಲಿ ತೋಳು ಹಿಡಿದು ಎಳೆದೆ. "ಏನೇ ವಿಲ್ಮಾ, ಪ್ರಾಣ ಹೋಗೋ ಹಾಗೆ ಎಳೀತೀಯಲ್ಲ, ಬರ್ತೀನಿ ಊಟಕ್ಕೆ" ಎಂದರು. ಸ್ಕ್ರೂಡ್ರೈವರ್ ಕಿತ್ತುಕೊಂಡು ನಾನೇ ಗುಂಡು ಒತ್ತಿದೆ. ಗಾಳಿ ನುಗ್ಗಿ ಬಂದು ನನ್ನ ಕೂದಲು ಹಾರಿತು, ಹುಳಿ ನೊರೆ ಅವರ ಕನ್ನಡಕಕ್ಕೆ ಸಿಡಿಯಿತು. ಅವರು ಕನ್ನಡಕ ಒರೆಸಿಕೊಳ್ಳದೆ ನನ್ನ ಕೂದಲನ್ನೇ ನೋಡುತ್ತ ನಿಂತರು. ಆಮೇಲೆ ನೆಲದ ಮೇಲಿನ ತಟ್ಟೆಯ ಚೂರುಗಳನ್ನು ನೋಡಿದರು. ಇಕ್ಕಳ ಕೆಳಗಿಟ್ಟು ಒಳಗೆ ಹೋದರು.

ನನಗೆ ಭಯವಾಗಿದೆ ಮಗಳೇ. ಇಷ್ಟು ಭಯ ಅವರು ಹಡಗುಕಟ್ಟೆಯಲ್ಲಿದ್ದಾಗಲೂ ಆಗಿರಲಿಲ್ಲ. ಟೀವಿ ಜೋರಾಗಿ ಹಾಕುತ್ತಾರೆಂದು ನಾನು ಬೈಯುತ್ತಿದ್ದೆನೇ ಹೊರತು ಕಿವಿ ಇಷ್ಟು ಹೋಗಿದೆಯೆಂದು ಕನಸಲ್ಲೂ ಅಂದುಕೊಂಡಿರಲಿಲ್ಲ. ಕಿವಿ ಡಾಕ್ಟರ ಹೆಸರೆತ್ತಿದರೆ "ನನ್ ಕಿವಿಗೇನಾಗಿದೆ? ನೀನು ಗೊಣಗೋದು ಜಾಸ್ತಿಯಾಗಿದೆ" ಎನ್ನುತ್ತಾರೆ. ಕ್ಯಾಸಿಮಿರ್ ಬರುವವರೆಗಾದರೂ ನಿಲ್ಲಿಸಿ ಎಂದೆ. ಈಸ್ಟರ್‌ಗೆ ಮುಂಚೆ ಇನ್ನೊಂದು ಮುಗಿಯಲೇಬೇಕಂತೆ. ಸೋಮವಾರ ಇಕ್ಕಳವನ್ನು ಹಿಟ್ಟಿನ ಡಬ್ಬಿಯಲ್ಲಿ ಅಡಗಿಸಿಟ್ಟೆ, ನಿನ್ನೆ ಹೋಗಿ ಹೊಸದನ್ನೇ ತಂದರು. ಈಗ ಅವರು ಗ್ಯಾರೇಜಿಗೆ ಹೋದರೆ ನಾನು ಅಡುಗೆಮನೆಯ ಕಿಟಕಿ ತೆರೆದು ಚಳಿಯಲ್ಲಿ ನಿಲ್ಲುತ್ತೇನೆ. ಪೀಪಾಯಿ ಕತ್ತರಿಸುವ ಗ್ರೈಂಡರ್ ಸದ್ದು ಬಂದರೆ ಸಮಾಧಾನ, ಅಂದರೆ ಕೊಳವೆ ಆಗಲೇ ಹೊರಬಂದಿದೆ, ಮನುಷ್ಯ ಬದುಕಿದ್ದಾರೆ. ಸದ್ದಿಲ್ಲದಿದ್ದರೆ ಜೀವ ಬಾಯಿಗೆ ಬರುತ್ತದೆ. ಇದನ್ನು ನಿನ್ನ ಹತ್ತಿರ ಅಲ್ಲದೆ ಯಾರ ಹತ್ತಿರ ಹೇಳಿಕೊಳ್ಳಲಿ? ಊರಿನವರಿಗೆ ಹೇಳಿದರೆ ಅವರ ಮುಖಕ್ಕೆ ಹೊಡೆದ ಹಾಗಾಗುತ್ತದೆ.

ಅಂಚೆಯವನು ಬರುವ ಹೊತ್ತಾಯಿತು. ಹೊಟ್ಟೆ ತುಂಬ ಉಣ್ಣು, ಭಾನುವಾರದ ಪೂಜೆ ತಪ್ಪಿಸಬೇಡ. ಮಾತೆ ಮರಿಯ ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ವಿಲ್ಮಾ

ಮರೆತೆ — ಅಲ್ಲ, ಮರೆತದ್ದಲ್ಲ, ಈಗಷ್ಟೇ ತಿಳಿದದ್ದು. ಲಕೋಟೆ ಅಂಟಿಸುವ ಮೊದಲು ಕಾಫಿ ಕೊಡುವುದಕ್ಕೆ ಗ್ಯಾರೇಜಿಗೆ ಹೋಗಿದ್ದೆ. ಎದುರಿಗೆ ನಿಂತು, ತುಟಿ ಕಾಣುವ ಹಾಗೆ ಬಾಯಿ ದೊಡ್ಡದು ಮಾಡಿ ಕೇಳಿದೆ: ನಿಮಗೆ ಎರಡು ಹಂಡೆ ಸಾಕಲ್ಲ, ಇನ್ನೊಂದು ಯಾರಿಗೆ, ಇಷ್ಟು ಅವಸರ ಯಾಕೆ? "ರಸೆಲ್‌ಗೆ ಕಣೇ. ಈಸ್ಟರ್‌ಗೆ ಮಾರ್ಲಿಸ್ ಜೊತೆ ಬರ್ತಾನಲ್ಲ, ಅಳಿಯ ಬರಿಗೈಲಿ ಹೋಗ್ಬೇಕಾ?" ಎಂದರು. ಕ್ರಿಸ್ಮಸ್ ದಿನ ನೀನು ಫೋನಿನಲ್ಲಿ ರಸೆಲ್ ಬಿಟ್ಟು ಹೋದನೆಂದು ಅಳುತ್ತ ಹೇಳಿದಾಗ ಅಪ್ಪ "ಒಳ್ಳೇದಾಯ್ತು, ಒಳ್ಳೇದಾಯ್ತು" ಎಂದರೆಂದು ನೀನೇ ನನಗೆ ಬರೆದಿದ್ದೆ. ಅವರ ಹತ್ತಿರ ಈ ವಿಷಯ ಎತ್ತಲೇಬೇಡ ಎಂದೂ ನೀನು ಹೇಳಿದ್ದೆ. ನಾನೂ ಅವರ ಮೇಲಿನ ಸಿಟ್ಟಿನಲ್ಲಿ ಎತ್ತಲಿಲ್ಲ. ಮಾರ್ಲಿಸ್, ಅವರಿಗೆ ಅದು ಕೇಳಿಸಿಯೇ ಇಲ್ಲ. ಫೋನ್ ಮಾಡಬೇಡ, ಕಾಗದ ಬರೆ, ದೊಡ್ಡ ಅಕ್ಷರದಲ್ಲಿ, ಅವರ ಹೆಸರಿಗೇ, ಇವತ್ತೇ. ಎಷ್ಟು ಕಷ್ಟವಾದರೂ ಎಲ್ಲವನ್ನೂ ನೀನು ಅವರಿಗೆ ಇನ್ನೊಂದು ಸಲ ಹೇಳಬೇಕು.