ಪಕ್ಕದ ಮನೆಯ ಬಾಗಿಲು

...ಗೋದಾಮು ಎಂದಿದ್ದೆಯೋ ಜೈಲು ಎಂದಿದ್ದೆಯೋ, ಈಗ ಸರಿಯಾಗಿ ನೆನಪಿಲ್ಲ, ಅಪ್ಪ. ಪಕ್ಕದವರ ಕಡೆಗೊಂದು ಬಾಗಿಲಿಲ್ಲದ ವೆಬ್‌ಸೈಟು ಮನೆಯೇ ಅಲ್ಲ, ಅಂಥದ್ದೇನೋ ಒಂದು ಎನ್ನುತ್ತಿದ್ದೆ. ಅದಕ್ಕೇ ಹೊಲಿಗೆ ಯಂತ್ರಗಳ ರಿಪೇರಿ ಹೇಳಿಕೊಡುವ ನಿನ್ನ ಹಳದಿ ಪುಟಗಳ ಕೆಳಗೆಲ್ಲ ‘ನೆರೆಯವರು’ ಎಂದು ಬೇರೆಯವರ ಸೈಟುಗಳ ಲಿಂಕು ಕೊಟ್ಟಿದ್ದೆ.

ನೀನು ಹೋದ ಮೇಲೂ ಅದು ಹಾಗೇ ಇತ್ತು. ಇವತ್ತು ಮುಚ್ಚಲು ಕೂತೆ. “ಯಾರೂ ನೋಡಲ್ಲ, ಎಲ್ಲಾ ಆ್ಯಪಿಗೆ ಹಾಕ್ಬಿಡು. ತಾತನ ಹಳದಿ ಬಣ್ಣ ಕಣ್ಣು ಕುಕ್ಕತ್ತೆ” ಎಂದಳು ನಿನ್ನ ಮೊಮ್ಮಗಳು.

ಮುಚ್ಚುವ ಮುನ್ನ ನೆರೆಯವರ ಬಾಗಿಲುಗಳನ್ನು ಒಮ್ಮೆ ತಟ್ಟಿ ನೋಡಿದೆ. ಬಸ್ ಟಿಕೆಟು ಕೂಡಿಡುತ್ತಿದ್ದವರ ವಿಳಾಸದಲ್ಲಿ ಈಗ ತೂಕ ಇಳಿಸುವ ಜಾಹೀರಾತು. ಗಡಿಯಾರದವರ ಪುಟ ತೆರೆಯಲೇ ಇಲ್ಲ. ಗೋಡೆಯ ಪಾಚಿಗಳ ಬಗ್ಗೆ ಬರೆಯುವ ಟೀಚರ್ ಮಾತ್ರ ಇದ್ದಾರೆ. ಮೊನ್ನೆಯೂ ಒಂದು ಚಿತ್ರ ಹಾಕಿದ್ದಾರೆ. ಅವರ ಪುಟದ ಕೆಳಗೆ ನಿನ್ನ ಲಿಂಕಿನ ಪಕ್ಕ ಹೀಗಿತ್ತು: “ಮಿಷಿನ್ ಮಾಮ ಯಾಕೋ ಈಚೆಗೆ ಏನೂ ಬರೀತಿಲ್ಲ. ಹುಷಾರಾಗಿದೀರಾ, ಮಾಮ? ಬಾಗಿಲು ತೆಗೆದೇ ಇದೆ, ಅಷ್ಟು ಸಮಾಧಾನ.”

“ಮುಚ್ಚಿದ್ಯಾ?” ಎಂದು ಮಗಳು ಒಳಗಿನಿಂದ ಕೇಳಿದಳು.

“ಇಲ್ಲ ಕಣೇ, ಪಕ್ಕದ ಮನೆಯವರು ಮಾತಾಡಿಸ್ತಿದಾರೆ” ಎಂದೆ.

ಅವರಿಗೆ ವಿಷಯ ತಿಳಿಸಬೇಕು. ಬರೆಯಲು ಕೂತು ಮೊದಲ ಸಾಲಿನಲ್ಲೇ ನಿಂತಿದ್ದೇನೆ. ನೀನು ಅವರನ್ನು ಏನೆಂದು ಕರೆಯುತ್ತಿದ್ದೆ, ಅಪ್ಪ?