ಏಳು ಗುಂಡಿಯ ಅಂಗಿ

ಮಾರ್ಚ್ ೧೧, ಮಂಗಳವಾರ

ನನ್ನ ಚಿನಕುರುಳಿ ತಂಗಿಗೆ,

ಅಣ್ಣನ ಆಶೀರ್ವಾದಗಳು. ನಿನ್ನ ಮೂರು ಪತ್ರಗಳಿಗೆ ಇದೊಂದೇ ಉತ್ತರ. ತಡವಾಯಿತೆಂದು ಬೈಯುವುದಾದರೆ ನನ್ನ ಎಡಗೈಯನ್ನು ಬೈ. ಅಕ್ಷರಗಳು ಬಸ್ಸಿಗೆ ನುಗ್ಗುವ ಜನರ ಹಾಗೆ ಒಂದರ ಮೇಲೊಂದು ಬಿದ್ದಿವೆ, ನಿಧಾನವಾಗಿ ಇಳಿಸಿಕೊಂಡು ಓದು. ಪಾರ್ಶ್ವವಾಯು ಬಡಿದು ಬಲಗೈ ನಿವೃತ್ತಿ ತೆಗೆದುಕೊಂಡು ಹದಿನಾಲ್ಕು ತಿಂಗಳಾಯಿತು. ಮೂವತ್ತು ವರ್ಷ ಊರಿಗೆಲ್ಲ ಗುಂಡಿ ಹಚ್ಚಿದ ಬಿ.ಎ. ಟೈಲರ್ ಕೊನೆಗೆ ತಾನೇ ಗುಂಡಿಗೆ ಬಿದ್ದ ಎಂದು ನೀನು ನಗಬಹುದು. ನಾನು ನಕ್ಕಾಗಿದೆ.

ನಿನ್ನ ಅತ್ತಿಗೆ ಲಾಂಡ್ರಿ ಕೆಲಸ ಬಿಟ್ಟು ನನ್ನನ್ನು ನೋಡಿಕೊಳ್ಳುತ್ತಿದ್ದಾಳೆ. ಮನೆ ನಡೆಯುವುದು ಅಂಗವಿಕಲರ ಭತ್ಯೆಯಿಂದ. ಅದಕ್ಕೀಗ ಹೊಸ ನಿಯಮದ ಪ್ರಸ್ತಾವ ಬಂದಿದೆ. ಪ್ರಸ್ತಾವವಿನ್ನೂ ಪಾಸಾಗಿಲ್ಲ, ನಮ್ಮ ಪರೀಕ್ಷೆ ಆಗಲೇ ಶುರುವಾಗಿದೆ! ಯಾವ್ಯಾವ ಕೆಲಸ ಕೈಲಾಗದೋ ಅದಕ್ಕೆ ಅಂಕ. ಕಾಲೇಜಿನಲ್ಲಿ ಅಂಕ ಕಡಿಮೆ ಬಂದರೆ ದಡ್ಡ, ಇಲ್ಲಿ ಕಡಿಮೆ ಬಂದರೆ ಗಟ್ಟಿಮುಟ್ಟು. ನಾನು ಎರಡೂ ಕಡೆ ಗಡಿಯ ಗಿರಾಕಿ. ‘ತಾನೇ ಅಂಗಿ ತೊಡಲಾರ’ ಎಂಬ ಅಂಕವೊಂದು ಹೋದರೆ ಭತ್ಯೆಯೂ ಹೋಯಿತು.

ಕಚೇರಿಗೆ ವಿಚಾರಿಸಲು ಹೋಗಿದ್ದೆ. ಗುಮಾಸ್ತ ತಲೆಯೆತ್ತದೆ ಕೇಳಿದ:

‘ಗುಂಡಿ ಇಲ್ಲದ ಅಂಗಿ ಹಾಕ್ಕೋಬಹುದಲ್ಲ?’

‘ಹಾಕ್ಕೋಬಹುದು ಸಾರ್.’

‘ಹಾಗಾದ್ರೆ ತೊಂದ್ರೆನೇ ಇಲ್ಲ ಅಂತಾಯ್ತು!’

‘ಟೋಪಿ ಹಾಕಿಸ್ಕೊಳ್ಳೋದಕ್ಕೂ ಅಂಕ ಇದ್ಯಾ ಸಾರ್?’ ಎಂದೆ.

ಫಾರಂ ತಿರುವಿ ನೋಡಿ, ‘ಇಲ್ಲ, ಆ ಕಾಲಂ ಇಲ್ಲ’ ಎಂದ ಪುಣ್ಯಾತ್ಮ.

ಈಗ ಗುಟ್ಟು ಹೇಳುತ್ತೇನೆ. ಚಿನಕುರುಳಿಯಾದರೂ ಇದೊಂದು ಸಲ ಸಿಡಿಯಬೇಡ. ನನಗೆ ಗುಂಡಿ ಹಾಕಲು ಬರುತ್ತದೆ.

ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಹುಡುಗಿಯೊಬ್ಬಳಿದ್ದಾಳೆ. ನಾನವಳಿಗೆ ಕೈಮೇಡಂ ಎನ್ನುತ್ತೇನೆ. ಗಂಡಸರ ಅಂಗಿ ಬಲಗೈಯವರಿಗೆಂದೇ ಹೊಲಿದದ್ದು, ಹೊಲಿದವನಿಗೆ ಗೊತ್ತಿಲ್ಲವೇ? ಎಡಗೈಯಲ್ಲಿ ಕಾಜ ಹುಡುಕುವುದೆಂದರೆ ಕತ್ತಲೆ ಕೋಣೆಯಲ್ಲಿ ಬೀಗದ ಕಣ್ಣು ಹುಡುಕಿದ ಹಾಗೆ. ಎಂಟು ತಿಂಗಳು ಹೆಣಗಿ ಹೋದ ವಾರ ಏಳೂ ಗುಂಡಿ ಹಾಕಿದೆ. ಹಿಡಿದದ್ದು ಇಪ್ಪತ್ತೈದು ನಿಮಿಷ. ಆ ವೇಗಕ್ಕೆ ಯಾವ ಅಂಗಡಿಯವನೂ ಕೆಲಸ ಕೊಡುವುದಿಲ್ಲ, ಆದರೂ ಕೈಮೇಡಂ ಚಪ್ಪಾಳೆ ತಟ್ಟಿ, ‘ಸುಧಾರಣೆ’ ಎಂದು ಬರೆಯಲು ಫೈಲು ತೆರೆದಳು.

‘ಬರೀಬೇಡಮ್ಮ,’ ಎಂದೆ.

‘ಅಯ್ಯೋ ಅಂಕಲ್, ಸುಧಾರಣೆ ಇಲ್ಲ ಅಂದ್ರೆ ವ್ಯಾಯಾಮಾನೇ ನಿಲ್ಲಿಸಿಬಿಡ್ತಾರೆ!’

ಬರೆದರೆ ಅನ್ನ ಹೋಗುತ್ತದೆ, ಬರೆಯದಿದ್ದರೆ ಕೈ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ನಡುವೆ ನಿಂತ ನನಗೆ ಚಪ್ಪಾಳೆ. ಅವಳು ಪೆನ್ನು ಮುಚ್ಚಿ, ‘ಒಂದು ವಾರ ತಡೀತೀನಿ, ಅಷ್ಟೇ’ ಎಂದಳು.

ನಿನ್ನ ಅತ್ತಿಗೆಗೆ ಹೇಳಿಲ್ಲ. ಪರೀಕ್ಷೆಯವರು ಸೋಮವಾರ ಮನೆಗೇ ಬರುತ್ತಾರೆ, ಅವಳನ್ನೂ ಕೇಳುತ್ತಾರೆ. ಸುಳ್ಳು ಹೇಳಿದರೆ ಅವಳ ಕಿವಿ ಕೆಂಪಾಗುತ್ತದೆ. ನಿನ್ನ ಹಾಡು ಚೆನ್ನಾಗಿತ್ತು ಎಂದಾಗಲೇ ನಾವು ಕಂಡಿದ್ದೇವಲ್ಲ! ಅದಕ್ಕೇ ಅವಳು ಬೆಳಿಗ್ಗೆ ಹಾಲು ತರಲು ಹೋದಾಗ ಏಳೂ ಗುಂಡಿ ಹಾಕುತ್ತೇನೆ, ಒಂದು ಗಳಿಗೆ ಕನ್ನಡಿಯಲ್ಲಿ ನೋಡಿಕೊಂಡು ಏಳೂ ಬಿಚ್ಚುತ್ತೇನೆ, ಮಂಚದ ಮೇಲೆ ಏನೂ ಅರಿಯದವನಂತೆ ಕೂರುತ್ತೇನೆ. ಅವಳು ಬಂದು ಬೀದಿಯ ಸುದ್ದಿ ಹೇಳುತ್ತ ಮೇಲಿನಿಂದ ಒಂದೊಂದೇ ಹಾಕುತ್ತಾಳೆ. ವರ್ಷದಲ್ಲಿ ಬಂದ ಒಂದೇ ಒಂದು ಸಂತೋಷದ ಸುದ್ದಿ ಅವಳ ಬೆರಳಿನ ಕೆಳಗೇ ಇರುತ್ತದೆ, ಬಾಯಿ ಬಿಡುವ ಹಾಗಿಲ್ಲ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನೀನು ನೂರು ಕಾಲ ಹೀಗೇ ಪಟಪಟ ಅನ್ನುತ್ತಿರು. ಓದಿ ಹರಿದುಹಾಕು, ಎರಡು ಪುಟ ಬರೆದದ್ದೂ ನನ್ನ ಮೇಲೆ ಸಾಕ್ಷಿಯೇ.

ಇತಿ ನಿನ್ನ,
ಎಡವಟ್ಟು ಅಣ್ಣ

ಕೊಸರು: ಇಷ್ಟು ಬರೆದೂ ಬರೆಯಬೇಕಾದದ್ದನ್ನು ಬಿಟ್ಟಿದ್ದೆ. ಇವತ್ತು ಬಿಚ್ಚುವಾಗ ಅವಸರದಲ್ಲಿ ಕೆಳಗಿನ ಗುಂಡಿ ಮರೆತೆ. ಅವಳು ಮೇಲಿನಿಂದ ಹಾಕುತ್ತ ಬಂದವಳು ಏಳನೆಯದರ ಹತ್ತಿರ ನಿಂತಳು. ಬೀದಿಯ ಸುದ್ದಿಯೂ ನಿಂತಿತು. ಮೆಲ್ಲಗೆ ಆ ಗುಂಡಿ ಬಿಚ್ಚಿದಳು, ಮತ್ತೆ ಹಾಕಿದಳು. ‘ಪಾಪ, ನಿಮ್ಮ ಕೈಲಿ ಏನಾಗುತ್ತೆ,’ ಎಂದಳು, ಗೋಡೆಗೆ ಹೇಳುವ ಹಾಗೆ. ನಾನು ಹೂಂ ಎಂದೆ. ಅವಳ ಎರಡೂ ಕಿವಿ ಕೆಂಪಗಾಗಿದ್ದವು. ಆಮೇಲೆ ಕನ್ನಡಿಯ ಮುಂದೆ ನಿಂತು, ಕೂದಲನ್ನು ಕಿವಿಯ ಮೇಲಕ್ಕೆ ಎಳೆದು, ಮುಚ್ಚುತ್ತದೆಯೇ ಎಂದು ಬಹಳ ಹೊತ್ತು ನೋಡಿಕೊಂಡಳು.